ಮಾತಿಲ್ಲದ ಮನೆಯಲ್ಲಿ ಚಾಕೊಲೇಟ್ ಪಫ್

ಮೇ 4, ಸೋಮವಾರ

ಬಾಯಿಗೆ ಬೀಗ ಬಿತ್ತು! ಬೆಳಿಗ್ಗೆ ಹತ್ತೂವರೆಗೆ ಗಂಟಲಿನ ಡಾಕ್ಟರಮ್ಮ ನನ್ನ ಧ್ವನಿಪೆಟ್ಟಿಗೆಯಿಂದ ಮೆಣಸಿನ ಕಾಳಿನಷ್ಟು ದೊಡ್ಡ ಗಂಟೊಂದನ್ನು ತೆಗೆದು, ಸಣ್ಣ ಸೀಸೆಯಲ್ಲಿ ಹಾಕಿ ತೋರಿಸಿದರು. ಅಷ್ಟು ಚಿಕ್ಕದು ಇಷ್ಟು ದೊಡ್ಡ ಬಾಯಿಯನ್ನು ಮುಚ್ಚಿಸಿತಲ್ಲ! "ಇಪ್ಪತ್ತೊಂದು ದಿನ ಒಂದಕ್ಷರ ಮಾತಾಡೋ ಹಾಗಿಲ್ಲ. ಪಿಸುಗುಟ್ಟೋ ಹಾಗೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಗಟ್ಟಿಯಾಗಿ ನಗಬಾರದು. ಮಾತಾಡಿ ಧ್ವನಿ ಹೋದ್ರೆ ಆಮೇಲೆ ನನ್ನನ್ನ ಕೇಳ್ಬೇಡಿ," ಅಂದರು. ನಾನು ಚೀಟಿಯಲ್ಲಿ "ಉಸಿರಾಡಬಹುದಾ?" ಎಂದು ಬರೆದುಕೊಟ್ಟೆ. "ಮೂಗಲ್ಲಿ," ಅಂದರು. ನಗಲಿಲ್ಲ.

ಹದಿನೆಂಟು ವರ್ಷದಿಂದ ಬಸ್ ನಿಲ್ದಾಣದ ಮೇಲ್ಮಹಡಿಯ ಗಾಜಿನ ಕೋಣೆಯಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಅನ್ನುವುದೇ ನನ್ನ ಕಸುಬು. ಮನೆಗೆ ಬಂದರೂ ನಿಲ್ಲುವ ಬಾಯಲ್ಲ ಇದು. ಇವಳನ್ನು ಬಾವಿಗೆ ತಳ್ಳಿದರೆ ಬಾವಿಗೇ ತಲೆನೋವು ಬರುತ್ತದೆ ಅಂತ ನಮ್ಮಮ್ಮ ಹೇಳುತ್ತಿದ್ದಳು. ಇಂಥವಳ ಮಾತು ಎಲ್ಲಾದರೂ ಹೋಗಬೇಕಲ್ಲ, ಅದಕ್ಕೇ ಈ ಪುಸ್ತಕ ತೆಗೆದುಕೊಂಡಿದ್ದೇನೆ.

ಬೇರೆ ಯಾವ ತಿಂಗಳಾದರೂ ಆಗಬಾರದಿತ್ತೇ! ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಶಾಲೆಯ ಅರ್ಜಿ ನನ್ನನ್ನೇ ನೋಡುತ್ತಿದೆ. ಇವರ ಮಗಳು, ಹದಿಮೂರು ವರ್ಷದ ಹುಡುಗಿ, ಇನ್ನು ಮುಂದೆ ಅವಳ ತಾಯಿಯ ತಂಗಿಯ ಮನೆಯಲ್ಲಿದ್ದು ಆ ಊರಿನ ಶಾಲೆಗೆ ಹೋಗಬೇಕೋ, ಇಲ್ಲೇ ಇರಬೇಕೋ ಎಂದು ಇಪ್ಪತ್ತಾರನೇ ತಾರೀಖಿನೊಳಗೆ ತೀರ್ಮಾನವಾಗಬೇಕು. "ಅವಳೇ ಹೇಳ್ಲಿ, ನಾನು ಬಲವಂತ ಮಾಡಲ್ಲ," ಅಂತ ಇವರು ಕೈತೊಳೆದುಕೊಂಡಿದ್ದಾರೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವ ಮನುಷ್ಯ, ಮಾತೂ ಗಾಜಿನಷ್ಟೇ ತೆಳು. ಹುಡುಗಿಯ ತಾಯಿ ತೀರಿಹೋಗಿ ಆರು ವರ್ಷ, ನಾನು ಈ ಮನೆಗೆ ಬಂದು ಎರಡು ವರ್ಷ. ನನ್ನನ್ನು ಏನೆಂದು ಕರೆಯಬೇಕೆಂದು ಅವಳಿಗೆ ಇನ್ನೂ ತಿಳಿದಿಲ್ಲ. ಅಮ್ಮ ಅನ್ನುವುದು ಆ ತಾಯಿಗೆ ಸೇರಿದ್ದು. ಚಿಕ್ಕಮ್ಮ ಅನ್ನೋಣವೆಂದರೆ ಅದು ಆ ತಂಗಿಗೆ ಸೇರಿದ್ದು. ಇರುವ ಎರಡು ಕುರ್ಚಿಯಲ್ಲೂ ಜನ ಕೂತಿದ್ದಾರೆ, ನಾನು ನಿಂತೇ ಇದ್ದೇನೆ. ಅವಳು ಹೋಗಬಾರದು. ಈ ಮೂರು ವಾರ ಕೂರಿಸಿಕೊಂಡು ಬುದ್ಧಿ ಹೇಳಿ, ನಗಿಸಿ, ಹೇಗಾದರೂ ಒಪ್ಪಿಸೋಣವೆಂದಿದ್ದೆ. ಈಗ ಏನು ಮಾಡಲಿ?

ಮೇ 5, ಮಂಗಳವಾರ

ಟಿಕೆಟ್ ಕೌಂಟರಿನ ಗೆಳತಿ ಬಂದಿದ್ದಳು, ಕೈಯಲ್ಲಿ ದೊಡ್ಡ ಪೆಟ್ಟಿಗೆ! "ಕೈಗೆ ಕೆಲ್ಸ ಇದ್ರೆ ಬಾಯಿ ಸುಮ್ನಿರುತ್ತೆ ಅಂತ ಎಲ್ಲಾರೂ ಸೇರಿ ತಂದ್ವಿ ಕಣೇ," ಅಂದಳು. ಏರ್ ಫ್ರೈಯರ್! ಎಣ್ಣೆಯಿಲ್ಲದೆ ಬರೀ ಬಿಸಿಗಾಳಿಯಲ್ಲಿ ಬೇಯಿಸುತ್ತದಂತೆ. ಇವರು ಕನ್ನಡಕ ಹಣೆಗೇರಿಸಿ ಸುತ್ತ ನೋಡಿ, "ಒಳಗೆ ಫ್ಯಾನಿದೆ," ಎಂದು ಘನಗಂಭೀರವಾಗಿ ಹೇಳಿದರು. ನಾನು ಅದಕ್ಕೆ ಗಾಳಿರಾಯ ಎಂದು ಹೆಸರಿಟ್ಟೆ.

ಗೆಳತಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅಂಗಡಿಯಲ್ಲಿ ಸಿಗುವ ಪಫ್ ಹಾಳೆ, ಅಂದರೆ ಬೆಣ್ಣೆ ಹಾಕಿ ಲಟ್ಟಿಸಿ ಹೆಪ್ಪುಗಟ್ಟಿಸಿದ ಹಿಟ್ಟಿನ ಹಾಳೆ, ತಂದು ಚೌಕಾಕಾರಕ್ಕೆ ಕತ್ತರಿಸಿ, ನಡುವೆ ಎರಡು ತುಂಡು ಚಾಕೊಲೇಟ್ ಇಟ್ಟು ಮಡಚಿದರೆ ಹತ್ತೇ ನಿಮಿಷದಲ್ಲಿ ಚಾಕೊಲೇಟ್ ಪಫ್. ಹತ್ತೇ ನಿಮಿಷ! ಹುಡುಗಿಗೆ ಚಾಕೊಲೇಟೆಂದರೆ ಪ್ರಾಣ. ಮಾತಲ್ಲಿ ಆಗದ್ದು ಸಿಹಿಯಲ್ಲಿ ಆದೀತು. ನನಗೆ ಈಗಲೇ ಕೈ ತುರಿಸುತ್ತಿದೆ.

ಮೇ 6, ಬುಧವಾರ

ಮೊದಲ ಸರದಿ. ಪ್ರಯಾಣಿಕರ ಗಮನಕ್ಕೆ: ಅಡುಗೆಮನೆಯಿಂದ ಊಟದ ಮೇಜಿಗೆ ಹೊರಡಬೇಕಿದ್ದ ಪಫ್ ಗಾಳಿಯ ಅಡಚಣೆಯಿಂದ ರದ್ದಾಗಿದೆ!

ಒಂದು ಚೌಕದ ಮೇಲೆ ಇನ್ನೊಂದು ಚೌಕ ಸುಮ್ಮನೆ ಇಟ್ಟಿದ್ದೆ, ಅಂಚು ಒತ್ತಿರಲಿಲ್ಲ. ಒಳಗಿನ ಗಾಳಿಗೆ ಮೇಲಿನ ಹಾಳೆಗಳೆಲ್ಲ ಹಾರಿ ಮೇಲೆ ಅಂಟಿಕೊಂಡು ಕರಕಲಾದವು. ಚಾಕೊಲೇಟ್ ತಳಕ್ಕೆ ಸುರಿದು ಹೊಗೆ. ಹುಡುಗಿ ಬಾಗಿಲಲ್ಲಿ ಬಂದು ನಿಂತಳು. "ಸುಟ್ಟ ವಾಸನೆ ಬರ್ತಿದೆ. ನೋಡ್ಕೊಳ್ಳಿ," ಅಂದು ಹೋದಳು. ಬೆಳಿಗ್ಗೆಯೆಲ್ಲ ನನ್ನೊಡನೆ ಆಡಿದ್ದು ಅಷ್ಟೇ.

ಇವರು ಒಂದು ಸ್ಲೇಟು ತಂದುಕೊಟ್ಟಿದ್ದಾರೆ. ಮಧ್ಯಾಹ್ನ ಅದರ ಎರಡೂ ಬದಿ ತುಂಬ ಬರೆದೆ: ನಿನಗೆ ಇಲ್ಲಿ ಏನು ಕಮ್ಮಿಯಾಗಿದೆ, ಅಪ್ಪ ಒಬ್ಬರೇ ಆಗುವುದಿಲ್ಲವೇ, ಹೊಸ ಊರು ಹೊಸ ಶಾಲೆ ಅಂದರೆ ಹುಡುಗಾಟವೇ, ಇತ್ಯಾದಿ. ಅಂಚಿಗೆ ಬರುವಷ್ಟರಲ್ಲಿ ಅಕ್ಷರ ಇರುವೆಯಾಯಿತು. ಹುಡುಗಿ ನಿಧಾನಕ್ಕೆ ಓದಿ ತಿರುಗಿಸಿ ಓದಿ ವಾಪಸು ಕೊಟ್ಟಳು. "ಅಕ್ಷರ ಚೆನ್ನಾಗಿದೆ ನಿಮ್ಮದು," ಅಂದಳು. ಮೈಯೆಲ್ಲ ಉರಿದುಹೋಯಿತು.

ಮೇ 8, ಶುಕ್ರವಾರ

ಇವತ್ತಿನದನ್ನು ಬರೆಯದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ!

ಮೊನ್ನೆ ಗಾಳಿರಾಯನ ಪುಸ್ತಿಕೆ ಓದಿದಾಗ ನನ್ನ ಇನ್ನೊಂದು ತಪ್ಪು ತಿಳಿದಿತ್ತು. ಪಫ್ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಐದು ನಿಮಿಷ ಬಿಸಿ ಮಾಡಿಕೊಳ್ಳಬೇಕು. ಸರಿ, ಎಂಟು ಪಫ್ ಮಡಚಿ, ಫೋರ್ಕಿನಿಂದ ಅಂಚು ಒತ್ತಿ ತಟ್ಟೆಯಲ್ಲಿಟ್ಟೆ. ಅಷ್ಟರಲ್ಲಿ ಆಸ್ಪತ್ರೆಯಿಂದ ನರ್ಸು ಬಂದಳು, ಗಂಟಲು ನೋಡಬೇಕಂತೆ. ಹುಡುಗಿ ಮೇಜಿನ ಹತ್ತಿರ ಕೂತಿದ್ದಳು. ನಾನು ಸ್ಲೇಟಿನ ಮೇಲೆ "ಐದು ನಿಮಿಷ ಕಾಯಿಸು, ಆಮೇಲೆ ಇಡು" ಎಂದು ಬರೆದು ಅವಳ ಮುಂದಿಟ್ಟು ಹೋದೆ.

ಬಂದು ನೋಡಿದರೆ ಬುಟ್ಟಿಯಲ್ಲಿ ರಟ್ಟಿನಂಥ ಎಂಟು ಚಪ್ಪಟೆ ಚೌಕಗಳು! ಬೆಣ್ಣೆಯೆಲ್ಲ ತಟ್ಟೆಯಲ್ಲಿ. ಏನಾಯಿತೆಂದು ಕೈಯಾಡಿಸಿದೆ.

"ನೀವೇ ಬರ್ದಿದ್ರಲ್ಲ, ಐದು ನಿಮಿಷ ಕಾಯಿಸು ಅಂತ. ಕಾಯಿಸ್ದೆ."

ಏನನ್ನು ಎಂದು ಹುಬ್ಬೇರಿಸಿದೆ.

"ಪಫ್ಫನ್ನ. ಅಲ್ಲೇ ತಟ್ಟೆಯಲ್ಲಿ ಬಿಸಿಲಲ್ಲಿ ಕೂರಿಸಿ ಗಡಿಯಾರ ನೋಡ್ತಾ ಇದ್ದೆ. ಸರಿಯಾಗಿ ಐದು ನಿಮಿಷ ಕಾಯಿಸಿ ಇಟ್ಟೆ. ಯಾಕೆ ಕಾಯಿಸ್ಬೇಕು ಅಂತ ನಂಗೂ ಅರ್ಥ ಆಗ್ಲಿಲ್ಲ. ಪಾಪ, ಅವಕ್ಕೇನು ಬಸ್ಸು ಬರ್ಬೇಕಿತ್ತಾ?"

ಪೆಟ್ಟಿಗೆಯನ್ನು ಕಾಯಿಸು ಅಂದರೆ ಅವಳು ಪಫ್ಫನ್ನು ಕಾಯಿಸಿದ್ದಾಳೆ! ನಾನು ಸ್ಲೇಟಿನ ಮೇಲೆ "ಬಿಸಿ! ಬಿಸಿ!" ಎಂದು ಬರೆದು ಗಾಳಿರಾಯನ ಕಡೆ ತೋರಿಸಿದೆ. ಅವಳಿಗೆ ಹೊಳೆಯಿತು. ಮುಖ ಕೆಂಪಾಯಿತು, ತುಟಿ ಕಚ್ಚಿಕೊಂಡಳು, ಆಮೇಲೆ ತಡೆಯಲಾರದೆ ಗೊಳ್ಳೆಂದು ನಕ್ಕಳು. ಎರಡು ವರ್ಷದಲ್ಲಿ ಅವಳು ನಕ್ಕದ್ದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ಮುಂದಿನ ಹಲ್ಲು ಒಂದು ಸ್ವಲ್ಪ ಓರೆ. ನಾನು ನಗುವಂತಿಲ್ಲವಲ್ಲ! ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಸುರಿಸಿದೆ. ರಟ್ಟನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಮೇ 9, ಶನಿವಾರ

ನಾನು ನಗಬಾರದೆಂದು ಅವಳಿಗೆ ಗೊತ್ತಾಗಿಬಿಟ್ಟಿದೆ. ತಿಂಡಿಗೆ ಕೂತಾಗ ಅವರಪ್ಪ ಪೇಪರು ಮಡಚಿದ ಕೂಡಲೇ, "ಅಪ್ಪಾ, ಆ ಬ್ರೆಡ್ಡು ತುಂಬಾ ಹೊತ್ತಿಂದ ಕಾಯ್ತಾ ಇದೆ, ಕುರ್ಚಿ ಕೊಡು ಅದಕ್ಕೆ," ಅಂದಳು, ನನ್ನನ್ನು ನೋಡದೆ. ನಾನು ತಟ್ಟೆ ಬಿಟ್ಟು ಬಚ್ಚಲಿಗೆ ಓಡಿದೆ. ಇವರಿಗೆ ಏನೂ ಅರ್ಥವಾಗಲಿಲ್ಲ.

ಮೇ 11, ಸೋಮವಾರ

ಪಫ್ ಹಾಳೆ ಮುಗಿದಿತ್ತು. ಬಸ್ ನಿಲ್ದಾಣದ ಹಿಂದಿನ ದೊಡ್ಡ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ನನಗೆ ಅಂಗಡಿಯವನೊಡನೆ ಮಾತಾಡಲು ಬಾಯಿ ಬೇಕಲ್ಲ, ಹುಡುಗಿಯನ್ನು ಕರೆದುಕೊಂಡು ಹೋದೆ. ಬಂದಳು! ಗೊಣಗದೆ ಬಂದಳು.

ನಿಲ್ದಾಣದ ಒಳದಾರಿಯಲ್ಲಿ ಹೋಗುವಾಗ ಮೇಲಿನಿಂದ ನನ್ನದೇ ಧ್ವನಿ! "ಪ್ರಯಾಣಿಕರ ಗಮನಕ್ಕೆ. ಹನ್ನೊಂದು ಗಂಟೆಗೆ ಹೊರಡುವ ಬಸ್ಸು. ನಾಲ್ಕನೇ ಅಂಕಣದಲ್ಲಿ. ನಿಂತಿದೆ." ಹಳೆಯ ರೆಕಾರ್ಡು ಹಾಕಿದ್ದಾರೆ. ನಾನು ಇಲ್ಲದೆಯೂ ನಾನು ಮಾತಾಡುತ್ತಿದ್ದೇನೆ, ಎಂಥ ಮಜಾ! ಹುಡುಗಿಯ ತೋಳು ಹಿಡಿದು ನಿಲ್ಲಿಸಿ, ಕಿವಿ ತೋರಿಸಿ, ಎದೆ ತಟ್ಟಿಕೊಂಡೆ. ಹೆಂಗೆ?

ಅವಳು ಪೂರ್ತಿ ಕೇಳಿದಳು. "ಚೆನ್ನಾಗಿದೆ. ಮನೇಲಿ ಯಾಕೆ ಹೀಗೆ ಮಾತಾಡಲ್ಲ ನೀವು?"

ಹೀಗೆ ಅಂದರೆ ಹೇಗೆ?

"ಇಲ್ಲಿ ಒಂದು ಮಾತು ಹೇಳಿ ನಿಲ್ಲಿಸ್ತೀರ. ಇನ್ನೊಬ್ರು ಉಸಿರು ಬಿಡೋಕೆ ಜಾಗ ಇರುತ್ತೆ."

ಏನಿದು ಮಾತು! ಕೆಲಸದಲ್ಲಿ ಹಾಗೆ ಹೇಳಬೇಕೆಂದು ತರಬೇತಿ ಕೊಟ್ಟಿದ್ದಾರೆ, ಮನೆಗೂ ಅದಕ್ಕೂ ಏನು ಸಂಬಂಧ? ಸ್ಲೇಟು ತಂದಿರಲಿಲ್ಲ, ಇಲ್ಲದಿದ್ದರೆ ಉತ್ತರ ಬರೆಯುತ್ತಿದ್ದೆ. ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳು ಹಾಲಿನ ಚಾಕೊಲೇಟಿಗಿಂತ ಕಪ್ಪು ಚಾಕೊಲೇಟ್ ಯಾಕೆ ಒಳ್ಳೆಯದು, ಅದು ಯಾಕೆ ಬೇಗ ಸೋರುವುದಿಲ್ಲ ಎಂದು ಹೇಳುತ್ತ ಬಂದಳು. ಯಾರಿಂದ ಕಲಿತಳೋ. ಅವಳ ವಿಜ್ಞಾನದ ಟೀಚರ್ ಒಂದು ದಿನ ತರಗತಿಯಲ್ಲಿ ಚಾಕೊಲೇಟ್ ಕರಗಿಸಿ ತೋರಿಸಿ, ಕೊನೆಗೆ ತಾವೇ ತಿಂದುಬಿಟ್ಟರಂತೆ.

ಮೇ 13, ಬುಧವಾರ

ಉಬ್ಬಿತು! ಉಬ್ಬಿತು! ಉಬ್ಬಿತು!

ನೂರ ಎಂಬತ್ತು ಡಿಗ್ರಿ, ಒಂಬತ್ತು ನಿಮಿಷ, ಒಂದು ಸರದಿಗೆ ನಾಲ್ಕೇ, ಒಂದಕ್ಕೊಂದು ತಾಗಬಾರದು. ಮೇಲೆ ಹಾಲು ಸವರಬೇಕು. ಹಾಳೆ ತೀರ ಮೆತ್ತಗಾಗುವ ಮೊದಲೇ ಕತ್ತರಿಸಬೇಕು. ಅಂಚು ಒತ್ತುವ ಕೆಲಸ ಹುಡುಗಿಯದು, ಫೋರ್ಕು ಹಿಡಿದು ಹೊಲಿಗೆ ಹಾಕಿದಷ್ಟು ಸಮನಾಗಿ ಒತ್ತುತ್ತಾಳೆ. ನಾನು ಒತ್ತಿದರೆ ಸೋರುತ್ತದೆ, ಅವಳದ್ದು ಒಂದೂ ಸೋರಲಿಲ್ಲ. ಬುಟ್ಟಿ ಎಳೆದಾಗ ನಾಲ್ಕೂ ಚಿನ್ನದ ಬಣ್ಣದಲ್ಲಿ ಎದೆಯುಬ್ಬಿಸಿ ಕೂತಿದ್ದವು. ಮುರಿದರೆ ಪದರ ಪದರ, ಒಳಗೆ ಚಾಕೊಲೇಟ್ ಹೊಳೆ! ಇಬ್ಬರೂ ನಾಲಿಗೆ ಸುಟ್ಟುಕೊಂಡೆವು.

ಇವರಿಗೊಂದು ಇಟ್ಟಿದ್ದೆವು. ತಿಂದು, "ಪರವಾಗಿಲ್ಲ," ಅಂದರು. "ಪರವಾಗಿಲ್ಲ ಅಂದ್ರೆ ಅಪ್ಪನ ಲೆಕ್ಕದಲ್ಲಿ ಅದ್ಭುತ ಅಂತ," ಹುಡುಗಿ ನನಗೆ ಅನುವಾದ ಮಾಡಿಕೊಟ್ಟಳು. ಎರಡು ವರ್ಷದಿಂದ ನನಗೆ ಗೊತ್ತಿರಲಿಲ್ಲವಲ್ಲ ಇದು!

ಮೇ 14, ಗುರುವಾರ

ಇವತ್ತು ಬೈಸಿಕೊಂಡೆ. ಇನ್ನೇನು ಸರದಿ ಮುಗಿಯಬೇಕು, ಆಗಲೇ ಬುಟ್ಟಿಯ ಅಂಚಿನಿಂದ ಚಾಕೊಲೇಟ್ ಇಳಿಯುತ್ತಿರುವುದು ಕಂಡಿತು. ಬಟ್ಟೆಯಿಲ್ಲದೆ ಬರಿಗೈಯಲ್ಲಿ ಬುಟ್ಟಿಯ ಒಡಲನ್ನೇ ಹಿಡಿಯಲು ಹೋದೆ. "ಏಯ್, ಕೈ ತೆಗಿ! ಸುಡುತ್ತೆ!" ಎಂದು ಹುಡುಗಿ ಕಿರುಚಿ ನನ್ನ ಮಣಿಕಟ್ಟು ಹಿಡಿದು ಎಳೆದಳು. ಬೆರಳ ತುದಿ ಮಾತ್ರ ತಾಗಿತ್ತು. ನಲ್ಲಿಯ ಕೆಳಗೆ ಹಿಡಿಸಿ, "ಹತ್ತು ನಿಮಿಷ ತೆಗೀಬೇಡ, ಎಣಿಸ್ತೀನಿ," ಅಂತ ಪಕ್ಕದಲ್ಲೇ ನಿಂತಳು. ನಡುವೆ ಅತ್ತಿತ್ತ ತಿರುಗಿದರೆ ಗದರುತ್ತಿದ್ದಳು. ನೋವೇನೂ ಇಲ್ಲ. ನಾಲ್ಕು ಪಫ್ಫಿನಲ್ಲಿ ಮೂರು ಉಳಿದವು, ಅದೇ ದೊಡ್ಡದು.

ಮೇ 17, ಭಾನುವಾರ

ಹೇಗೆ ಬರೆಯಲಿ?

ಇವರು ಅಂಗಡಿಯ ಬೇಡದ ಸಾಮಾನು ವಿಂಗಡಿಸಲು ಹೋಗಿದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿ. ಹಾಳೆ ಇನ್ನೂ ಗಟ್ಟಿಯಿತ್ತು, ಮೆತ್ತಗಾಗಲಿ ಎಂದು ಕೂತಿದ್ದೆವು. ಮನೆಯಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟರೆ ಸದ್ದಿಲ್ಲ. ಹುಡುಗಿ ಫೋರ್ಕಿನಿಂದ ಮೇಜಿನ ಮೇಲೆ ಗೀಟು ಎಳೆಯುತ್ತ ಇದ್ದಕ್ಕಿದ್ದಂತೆ ಶುರು ಮಾಡಿದಳು.

"ಚಿಕ್ಕಮ್ಮನ ಮನೆಗೆ ಯಾಕೆ ಹೋಗ್ಬೇಕು ಅಂತ ಗೊತ್ತಾ? ಸ್ಕೂಲಿಗಲ್ಲ. ಚಿಕ್ಕಮ್ಮನ ಧ್ವನಿ ಅಮ್ಮನ ಥರಾನೇ ಅಂತೆ. ಎಲ್ಲಾರೂ ಹೇಳ್ತಾರೆ. ಅಮ್ಮನ ಮುಖ ಫೋಟೋದಲ್ಲಿದೆ. ಸೀರೆ ಬೀರುವಿನಲ್ಲಿದೆ. ಧ್ವನಿ ಎಲ್ಲೂ ಇಲ್ಲ. ಮೊದ್ಲು ನಂಗೆ ನೆನಪಿತ್ತು, ರಾತ್ರಿ ಮಲಗ್ದಾಗ ಕೇಳಿಸ್ಕೋತಿದ್ದೆ. ನೀನು ಬಂದ್ಮೇಲೆ ಯಾವಾಗ್ಲೂ ನಿನ್ನ ಮಾತೇ. ಬೆಳಿಗ್ಗೆಯಿಂದ ನಿನ್ನ ಮಾತೇ. ಅದ್ರಲ್ಲಿ ಅಮ್ಮಂದು ಮುಚ್ಚೋಯ್ತು. ಈಗ ಎಷ್ಟು ಯೋಚ್ನೆ ಮಾಡಿದ್ರೂ ಬರಲ್ಲ."

ನನ್ನ ಬಾಯಿ ತೆರೆದುಕೊಂಡಿತು. ದೇವರಾಣೆ, ಇನ್ನೊಂದು ಚೂರಿದ್ದರೆ ಮಾತಾಡಿಬಿಡುತ್ತಿದ್ದೆ. ನನಗೆ ಗೊತ್ತಿರಲಿಲ್ಲ ಅಂತ, ನಿನ್ನನ್ನು ನಗಿಸಲು, ಮನೆ ಬಿಕೋ ಅನ್ನಬಾರದೆಂದು ಅಷ್ಟೆಲ್ಲ ಮಾತಾಡಿದೆ ಅಂತ. ಗಂಟಲ ತನಕ ಬಂದಿತ್ತು. ಅವಳು ನನ್ನ ಬಾಯಿಗೆ ಅಡ್ಡವಾಗಿ ಕೈ ಹಿಡಿದಳು. "ಬೇಡ, ಧ್ವನಿ ಹೋಗುತ್ತೆ," ಅಂದಳು. ಹಾಳೆ ತೀರ ಮೆತ್ತಗಾಗಿ ಹೋಯಿತು.

ಮೇ 18, ಸೋಮವಾರ

ಇವತ್ತು ಪಫ್ ಮಾಡಲಿಲ್ಲ.

ಮೇ 20, ಬುಧವಾರ

ನಿನ್ನೆಯೂ ಮಾಡಲಿಲ್ಲ. ಇವತ್ತು ಬೆಳಿಗ್ಗೆ ಹುಡುಗಿಯೇ ಹಾಳೆ ತೆಗೆದು ಹೊರಗಿಟ್ಟು, "ಏಳು, ಗಾಳಿರಾಯ ಕೆಲ್ಸ ಇಲ್ದೆ ಧೂಳು ತಿಂತಿದಾನೆ," ಅಂದಳು. ಎದ್ದೆ. ಸ್ಲೇಟು ಎಲ್ಲಿಟ್ಟಿದ್ದೇನೋ ಕಾಣಲಿಲ್ಲ, ಹುಡುಕಲೂ ಇಲ್ಲ.

ಇಬ್ಬರೂ ಸುಮ್ಮನೆ ಕೆಲಸ ಮಾಡುತ್ತಿದ್ದೆವು. ನಾನು ಕತ್ತರಿಸುವುದು, ಅವಳು ಒತ್ತುವುದು. ಮೊದಲ ನಾಲ್ಕನ್ನು ಒಳಗಿಟ್ಟು ಐದನೆಯದನ್ನು ಒತ್ತುತ್ತಿದ್ದವಳು ಫೋರ್ಕು ಕೈಯಲ್ಲಿ ಹಾಗೇ ಹಿಡಿದು ನಿಂತುಬಿಟ್ಟಳು. ಆಮೇಲೆ ಹುಚ್ಚಿಯ ಹಾಗೆ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಬಂತು! ಬಂತು! ಅಮ್ಮ 'ಬೇಗ ಬಾರೇ, ತಣ್ಣಗಾಗುತ್ತೆ' ಅಂತಿದ್ಲು! ಊಟಕ್ಕೆ ಕರೆಯೋವಾಗ! ಈಗ ಕೇಳಿಸ್ತು!" ನನಗೆ ಹೇಳಿ ತೋರಿಸಿದಳು. ಅಲ್ಲ, ಹೀಗಲ್ಲ ಎಂದು ತಲೆಯಾಡಿಸಿ ಇನ್ನೊಂದು ರೀತಿ ಹೇಳಿದಳು. ಮೂರನೇ ಸಲಕ್ಕೆ 'ಬಾರೇ' ಅನ್ನುವುದನ್ನು ಸ್ವಲ್ಪ ಎಳೆದು, 'ತಣ್ಣಗಾಗುತ್ತೆ' ಅನ್ನುವುದನ್ನು ಸಿಟ್ಟು ಬಂದವರ ಹಾಗೆ ನಟಿಸುತ್ತ ಹೇಳಿ, "ಇದೇ! ಹೀಗೇ!" ಎಂದು ಕುಣಿದಳು.

ಇನ್ನೊಂದು ಸಲ ಎಂದು ಬೆರಳೆತ್ತಿದೆ. ಮತ್ತೆ ಹೇಳಿದಳು. ಇನ್ನೊಂದು ಸಲ. ಹೀಗೆ ಏಳೆಂಟು ಸಲ ಹೇಳಿಸಿಕೊಂಡೆ. ನಾನು ನೋಡದ ಆ ಹೆಂಗಸು ನಮ್ಮ ಅಡುಗೆಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದಳು. ಹೊಟ್ಟೆಕಿಚ್ಚಾಗಬೇಕಿತ್ತೇನೋ, ಆಗಲಿಲ್ಲ. ನನಗೂ ಕುಣಿಯುವಷ್ಟು ಖುಷಿ. ಪಫ್ ಇನ್ನೂ ಒಳಗೇ ಇದೆ ಎಂದು ಇಬ್ಬರಿಗೂ ಮರೆತುಹೋಗಿ ಹದಿನೈದು ನಿಮಿಷ ಬೆಂದಿತು. ಗರಿಗರಿಯಾಗಿ ಅದೂ ಚೆನ್ನಾಗಿಯೇ ಇತ್ತು.

ಮೇ 22, ಶುಕ್ರವಾರ

ಚಿಕ್ಕಮ್ಮ ಫೋನು ಮಾಡಿದ್ದರು, ಇವರ ಹತ್ತಿರ ಮಾತಾಡಿದರು. ಮಂಗಳವಾರವೇ ಕೊನೆ ದಿನವಂತೆ, ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದ್ದಾರಂತೆ. ಒಳ್ಳೆಯ ಹೆಂಗಸು. "ಅಕ್ಕ ಹೇಗಿದಾರೆ, ಗಂಟಲು ನೋವಿದೆಯಾ?" ಎಂದು ನನ್ನ ಬಗ್ಗೆಯೂ ಕೇಳಿದರು. ಬೈಯಲು ಒಂದಾದರೂ ಕಾರಣ ಕೊಡಬಾರದೇ!

ಸೋಮವಾರ ಬಾಯಿ ಬಿಟ್ಟೊಡನೆ ಹುಡುಗಿಗೆ ಹೇಳಬೇಕಾದದ್ದನ್ನೆಲ್ಲ ಎರಡು ಪುಟ ಬರೆದಿಟ್ಟಿದ್ದೆ. ಇವತ್ತು ಓದಿ ನೋಡಿದೆ. ಎಲ್ಲ ಸರಿಯಾಗೇ ಇದೆ, ಒಂದೂ ಸುಳ್ಳಿಲ್ಲ. ಆದರೆ ಅವಳಿಗೆ ಬೇಕಾದದ್ದು ಒಂದೇ ಒಂದು ಧ್ವನಿ, ಅದು ನನ್ನಲ್ಲಿಲ್ಲ, ಆ ಮನೆಯಲ್ಲಿದೆ. ನಾನು ಬೇಡ ಅಂದರೆ ಅದು ನ್ಯಾಯವೇ? ಪುಟ ಹರಿದು ಒಲೆಯ ಪಕ್ಕದ ಕಸದ ಡಬ್ಬಿಗೆ ಹಾಕಿದೆ. ಹೋಗುತ್ತೇನೆ ಅಂದರೆ ಹೋಗಲಿ, ನಗುತ್ತಲೇ ಕಳಿಸುತ್ತೇನೆ. ಇಪ್ಪತ್ತೊಂದು ದಿನ ಆದಷ್ಟು ಬೇಗ ಕಳೆಯಲಿ ಎಂದು ಕುಣಿಯುತ್ತಿದ್ದವಳು ಈಗ ಸೋಮವಾರ ಬರದಿದ್ದರೆ ಸಾಕು ಅನ್ನುತ್ತಿದ್ದೇನೆ. ಬಾಯಿ ಬಂದ ಮೇಲೆ ನಾನು ಮತ್ತೆ ಮೊದಲಿನಂತಾಗಿಬಿಟ್ಟರೆ?

ಮೇ 24, ಭಾನುವಾರ

ಹುಡುಗಿ ನಾಳೆಗೆ ದೊಡ್ಡ ಯೋಜನೆ ಹಾಕಿದ್ದಾಳೆ! ಹನ್ನೆರಡು ಪಫ್, ಮೂರು ಸರದಿ. ನಾಲ್ಕು ತ್ರಿಕೋನ, ನಾಲ್ಕು ಸುರುಳಿ, ನಾಲ್ಕು ಬಸ್ಸಿನ ಆಕಾರದ್ದು. ಬಸ್ಸಿನ ಚಕ್ರಕ್ಕೆ ಬಾಟಲಿಯ ಮುಚ್ಚಳದಿಂದ ಹಾಳೆ ಕತ್ತರಿಸಿ ಪ್ರಯೋಗ ಮಾಡಿದಳು. ಚಕ್ರ ಗಾಳಿಗೆ ಹಾರಿತು. ನೀರು ಸವರಿ ಒತ್ತಿದರೆ ನಿಲ್ಲುತ್ತದೆಂದು ಕಂಡುಹಿಡಿದಳು. ಒಂದು ಬಸ್ಸು ಉಬ್ಬಿ ಆನೆಮರಿಯಾಯಿತು. ಅದನ್ನು ಕೈಯಲ್ಲಿ ಹಿಡಿದು, "ಪ್ರಯಾಣಿಕರ ಗಮನಕ್ಕೆ, ನಾಲ್ಕನೇ ಅಂಕಣಕ್ಕೆ ಬಸ್ಸಿನ ಬದಲು ಆನೆ ಬಂದಿದೆ, ದಯವಿಟ್ಟು ಸೊಂಡಿಲಿಂದ ಹತ್ತಿ," ಅಂತ ನನ್ನದೇ ಶೈಲಿಯಲ್ಲಿ, ಒಂದೊಂದು ಮಾತಿಗೂ ನಿಲ್ಲಿಸಿ ಹೇಳಿದಳು. ಬಾಯಿಗೆ ಒತ್ತಿಕೊಳ್ಳಲು ದಿಂಬು ಹುಡುಕಿ ಓಡಿದೆ.

"ನಾಳೆ ಫಸ್ಟು ಏನ್ ಮಾತಾಡ್ತೀಯ?" ಅಂತ ಕೇಳಿದಳು. ಗೊತ್ತಿಲ್ಲ ಎಂದು ಭುಜ ಹಾರಿಸಿದೆ. ಅರ್ಜಿಯ ವಿಷಯ ಅವಳು ಎತ್ತಲಿಲ್ಲ, ನಾನೂ ಫ್ರಿಜ್ಜಿನ ಕಡೆ ನೋಡಲಿಲ್ಲ. ಹಾಲು ತೆಗೆಯುವಾಗಲೂ ನೋಡಲಿಲ್ಲ.

ಮೇ 25, ಸೋಮವಾರ

ಒಂದೊಂದಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಡಾಕ್ಟರಮ್ಮ ಗಂಟಲಿಗೆ ದೀಪ ಹಾಕಿ ನೋಡಿ, "ಆ ಅನ್ನಿ," ಅಂದರು. ಆ ಅಂದೆ. ಅದು ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ. "ವಾಸಿಯಾಗಿದೆ. ಇವತ್ತಿಂದ ಮಾತಾಡಿ. ಮೊದಲ ವಾರ ಲೆಕ್ಕ ಹಾಕಿ ಆಡಿ," ಅಂದರು. ಇವರು ದಾರಿಯಲ್ಲಿ "ಏನಾದ್ರೂ ಹೇಳು" ಅಂದರು. ತಲೆಯಾಡಿಸಿದೆ. ಮೊದಲ ಮಾತು ಮನೆಯಲ್ಲೇ ಆಗಲಿ ಎಂದಿತ್ತು ನನಗೆ.

ಮನೆಯಲ್ಲಿ ಹುಡುಗಿ ಮೊದಲ ಸರದಿ ಆಗಲೇ ಒಳಗಿಟ್ಟಿದ್ದಳು. ಕೈಯೆಲ್ಲ ಹಿಟ್ಟು. ನಾನು ಒಳಗೆ ಬರುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಚಿಕ್ಕಮ್ಮ. ಹುಡುಗಿ ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು. ಇವರು ಮೇಜಿನ ಹತ್ತಿರ ಕೂತರು. ನಾನು ಗಾಳಿರಾಯನ ಕಡೆ ತಿರುಗಿ, ನಿಮಿಷ ಎಣಿಸುವವಳ ಹಾಗೆ ನಿಂತೆ.

"ಏನ್ ತೀರ್ಮಾನ ಮಾಡ್ದೆ ಕಂದಾ? ನಾಳೆ ಕೊನೇ ದಿನ," ಅಂತ ಆ ಕಡೆಯಿಂದ. ಈ ಧ್ವನಿಯನ್ನು ನಾನು ಹಿಂದೆ ಎಷ್ಟೋ ಸಲ ಕೇಳಿದ್ದೆ, ಇವತ್ತು ಮೊದಲ ಸಲ ಸರಿಯಾಗಿ ಕೇಳಿಸಿಕೊಂಡೆ. ಮೆತ್ತಗಿದೆ, ಕೊನೆಯಲ್ಲಿ ಸ್ವಲ್ಪ ಎಳೆಯುತ್ತದೆ. ಹೋಗಲಿ, ಹೋಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

"ಚಿಕ್ಕಮ್ಮ, ನಾನು ಬರಲ್ಲ," ಹುಡುಗಿ ಅಂದಳು. "ರಜಾದಲ್ಲಿ ಬರ್ತೀನಿ, ಆ ಬಣ್ಣದ ಕೋಣೇಲೇ ಮಲಗ್ತೀನಿ. ಆದ್ರೆ ಇರೋದು ಇಲ್ಲೇ. ಇವತ್ತಿಂದ ಅವಳಿಗೆ ಮಾತು ಬಂದಿದೆ. ಇಪ್ಪತ್ತೊಂದು ದಿನ ಬರೀ ನಾನೇ ಮಾತಾಡಿದೀನಿ ಚಿಕ್ಕಮ್ಮ, ಎಲ್ಲಾನೂ ಕೇಳಿದಾಳೆ. ಈಗ ಅವಳ ಸರದಿ. ಅಪ್ಪ ಅಂತೂ ಕಿವಿಗೆ ಹಾಕ್ಕೊಳ್ಳಲ್ಲ. ನಾನಿಲ್ದೆ ಹೋದ್ರೆ ಅವಳು ಯಾರ ಹತ್ರ ಮಾತಾಡ್ತಾಳೆ?"

ಆ ಕಡೆಯಿಂದ ಮೂಗು ಸೀಟಿದ ಸದ್ದು, ನಗುವಿನ ಸದ್ದು. "ಆಯ್ತು ಕಂದಾ. ಹಂಗಾದ್ರೆ ದಿನಾ ಒಂದ್ಸಲ ಫೋನ್ ಮಾಡು, ನನ್ನ ಧ್ವನಿ ಮರೀಬೇಡ," ಅಂದರು.

ನನ್ನ ಕಣ್ಣು ಮಂಜಾಗಿ ಗಾಳಿರಾಯನೂ ಕಾಣಿಸುತ್ತಿರಲಿಲ್ಲ. ಹೊಗೆ ಬಂದದ್ದೂ ಕಾಣಲಿಲ್ಲ. "ಅಯ್ಯೋ, ನಿಂತ್ಕೊಂಡು ಏನ್ ನೋಡ್ತಿದೀಯಾ, ಸುಡ್ತಾ ಇದೆ, ತೆಗಿಯೇ!" ಎಂದು ಹುಡುಗಿ ಕೂಗಿದಳು.

"ಮರೀ!" ಇವರ ಧ್ವನಿ ಇಷ್ಟು ಜೋರಾಗಿ ಏಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ಏನದು? ಆಗ್ಲಿಂದ ನೋಡ್ತಿದೀನಿ, ಅವಳು, ಇವಳು, ತೆಗಿಯೇ. ದೊಡ್ಡೋರ ಹತ್ರ ಹೀಗಾ ಮಾತಾಡೋದು? ಎರಡು ವರ್ಷದಿಂದ ಮರ್ಯಾದೆ ಕೊಟ್ಟು ಮಾತಾಡ್ತಿದ್ದೋಳು, ಈಗೇನಾಯ್ತು? ಸರಿಯಾಗಿ ಹೇಳು."

ಹುಡುಗಿ ತಬ್ಬಿಬ್ಬಾದಳು. ಅವಳಿಗೂ ಗೊತ್ತಾಗಿರಲಿಲ್ಲ ಅಂತ ಕಾಣುತ್ತದೆ. ತಲೆ ತಗ್ಗಿಸಿ, ಹಿಟ್ಟಿನ ಕೈ ಲಂಗಕ್ಕೆ ಒರೆಸುತ್ತ, ಸಣ್ಣ ಧ್ವನಿಯಲ್ಲಿ, "ತಪ್ಪಾಯ್ತು. ಸುಡ್ತಾ ಇದೆ, ತೆಗೀರಿ," ಅಂದಳು.

ಆ 'ರಿ' ಕಿವಿಗೆ ಬಿದ್ದಾಗಲೇ, ಇಷ್ಟು ದಿನ ಅದು ಇರಲಿಲ್ಲವೆಂದು ನನಗೆ ತಿಳಿದದ್ದು.

"ಬೇಡ," ಅಂದೆ. "ಹಾಗೇ ಅನ್ಲಿ ಬಿಡಿ."

ಧ್ವನಿ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದಿತು. ಹುಡುಗಿ ನನ್ನ ಮುಖ ನೋಡಿದಳು, "ಅಯ್ಯಯ್ಯೋ, ಎಷ್ಟು ಕೆಟ್ಟದಾಗಿದೆ ನಿನ್ನ ಧ್ವನಿ!" ಅಂದು ಹಿಟ್ಟಿನ ಕೈಯಲ್ಲೇ ನನ್ನ ಕುತ್ತಿಗೆಗೆ ಬಿದ್ದು ಅಳತೊಡಗಿದಳು. ಇವರು ಎದ್ದು ಬಂದು, ಏನು ಮಾಡಬೇಕೆಂದು ತೋಚದೆ, ಗಾಳಿರಾಯನ ಬಾಯಿ ತೆರೆದರು. ನಾಲ್ಕು ತ್ರಿಕೋನಗಳಲ್ಲಿ ಮೂರು ಹೇಗೋ ಬದುಕಿದ್ದವು, ಒಂದು ಪೂರ್ತಿ ಕರಕಲು. ಕರಕಲಾದದ್ದನ್ನು ಇವರಿಗೆ ಕೊಟ್ಟೆವು. ತಿಂದು, "ಪರವಾಗಿಲ್ಲ," ಅಂದರು.